ಯುರೋಪಲ್ಲಿ ಕಲೆಗೆ ದುಡ್ಡು ಎಲ್ಲಿಂದ ಬರುತ್ತೆ: ಸಂಸ್ಕೃತಿ ಸಚಿವಾಲಯದ ಬಜೆಟ್ ಒಂದೇ ನೋಡಿದ್ರೆ ಲೆಕ್ಕ ಸಿಗಲ್ಲ

ಕಲ್ಚರಲ್ ಪಾಲಿಸಿ ಪೇಪರ್ ತಗೊಂಡಿರೋರಿಗೆ ಈ ಟಿಪ್ಪಣಿ. ಸರ್ಕಾರಗಳು ಕಲೆಗೆ ಹೇಗೆ ದುಡ್ಡು ಕೊಡ್ತವೆ ಅಂತ 1989ರಲ್ಲಿ ಹಿಲ್ಮನ್-ಚಾರ್ಟ್ರಾಂಡ್ ಮತ್ತೆ ಮೆಕಾಘಿ ಅನ್ನೋ ಇಬ್ಬರು ಸಂಶೋಧಕರು ಮಾಡಿದ ನಾಲ್ಕು ಮಾಡೆಲ್ ಎಲ್ರಿಗೂ ಬಾಯಿಪಾಠ ಆಗಿರುತ್ತೆ, ತೆರಿಗೆ ಬಿಟ್ಟು ದಾನಿಗಳ ಕೈಲಿ ಕೊಡಿಸೋ ಅಮೆರಿಕ, ಕೌನ್ಸಿಲ್ ಮೂಲಕ ಕೊಡೋ ಬ್ರಿಟನ್, ಸಚಿವಾಲಯವೇ ಪ್ಲಾನ್ ಹಾಕೋ ಫ್ರಾನ್ಸ್, ಎಲ್ಲಾ ಸರ್ಕಾರದ್ದೇ ಆಗಿದ್ದ ಸೋವಿಯತ್. ಅದನ್ನ ಮತ್ತೆ ಬರೆಯಲ್ಲ. ತೊಂದರೆ ಶುರುವಾಗೋದು ಮುಂದಿನ ಪ್ರಶ್ನೆಗೆ, "ಎರಡು ದೇಶಗಳ ಕಲಾ ಅನುದಾನ ಹೋಲಿಸಿ" ಅಂತ ಕೇಳಿದಾಗ. ಕೈ ಸೀದಾ ಸಂಸ್ಕೃತಿ ಸಚಿವಾಲಯದ ಬಜೆಟ್ ಕಡೆ ಹೋಗುತ್ತೆ, ಆದ್ರೆ ಕಲಾವಿದರ ಹೊಟ್ಟೆ ತುಂಬಿಸ್ತಿರೋ ದುಡ್ಡಲ್ಲಿ ದೊಡ್ಡ ಪಾಲು ಆ ಖಾತೆಯಲ್ಲಿ ಇರೋದೇ ಇಲ್ಲ. ಹಾಗಾಗಿ ಯಾವ ದೇಶ ಬಂದ್ರೂ ನಾನು ಎರಡೇ ಕೇಳ್ಕೊಳ್ತೀನಿ: ದುಡ್ಡು ಯಾರ ಖಾತೆಯಿಂದ ಹೋಗ್ತಿದೆ, ಅದು ಯಾರಿಗೆ ಸಿಗಬೇಕು ಅಂತ ಆರಿಸೋರು ಯಾರು.

ಜರ್ಮನಿ

ಬೇಗ ಮುಗಿಯೋದು ಇದು. ಸಂವಿಧಾನದ ಪ್ರಕಾರ ಸಂಸ್ಕೃತಿ ಅನ್ನೋದು ರಾಜ್ಯಗಳ ವಿಷಯ, ಕೇಂದ್ರದಲ್ಲಿ ಇದಕ್ಕೆ ಅಂತ ಒಬ್ಬರು ಕಮಿಷನರ್ ಬಂದಿದ್ದೇ 1998ರಲ್ಲಿ. 2020ರಲ್ಲಿ ಎಲ್ಲಾ ಹಂತದ ಸರ್ಕಾರಗಳು ಸೇರಿ ಸಂಸ್ಕೃತಿಗೆ ಸುಮಾರು 1450 ಕೋಟಿ ಯೂರೋ ಖರ್ಚು ಮಾಡಿದ್ವು, ಅದರಲ್ಲಿ ಕೇಂದ್ರದ್ದು ಸುಮಾರು 22%, ಮಿಕ್ಕಿದ್ದನ್ನ ರಾಜ್ಯಗಳೂ ನಗರಸಭೆಗಳೂ ಹೆಚ್ಚುಕಮ್ಮಿ ಅರ್ಧರ್ಧ ಹಂಚ್ಕೊಂಡಿವೆ. ಕೇಂದ್ರದ ಅಂಕಿ ಮಾತ್ರ ನೋಡಿ "ಜರ್ಮನಿ ಕಮ್ಮಿ ಕೊಡುತ್ತೆ" ಅಂತ ಬರೆದ್ರೆ ಮುಕ್ಕಾಲು ಪಾಲು ಬಿಟ್ಟ ಹಾಗೆ. ಕತ್ತರಿ ಬಿದ್ದಾಗಲೂ ಅಷ್ಟೇ, 2025ಕ್ಕೆ ಬರ್ಲಿನ್‌ನ ಥಿಯೇಟರ್‌ಗಳಿಗೆ, ಮ್ಯೂಸಿಯಂಗಳಿಗೆ ಏಟು ಕೊಟ್ಟ ಸುಮಾರು 13 ಕೋಟಿ ಯೂರೋ ಕಡಿತ ಮಾಡಿದ್ದು ಬರ್ಲಿನ್ ರಾಜ್ಯ ಸರ್ಕಾರ, ಕೇಂದ್ರ ಅಲ್ಲ.

ಅಲ್ಲಿ ನನಗೆ ತುಂಬ ಇಷ್ಟ ಆಗಿದ್ದು 1983ರಿಂದ ಜಾರಿಯಲ್ಲಿರೋ ಕಲಾವಿದರ ಸಾಮಾಜಿಕ ವಿಮೆ. ನೌಕರಿಯಲ್ಲಿ ಇರೋರ ಪೆನ್ಶನ್, ಆರೋಗ್ಯ ವಿಮೆಗೆ ಅರ್ಧ ಮಾಲೀಕ ಕಟ್ತಾನೆ, ಫ್ರೀಲ್ಯಾನ್ಸ್ ಕಲಾವಿದರಿಗೆ ಮಾಲೀಕನೇ ಇಲ್ಲ, ಆ ಅರ್ಧ ಯಾರು ಕಟ್ಟಬೇಕು? ಒಟ್ಟು ಕಂತಿನ 20% ಕೇಂದ್ರ ಸರ್ಕಾರ, 30% ಅವರ ಕೆಲಸ ಬಳಸೋ ಕಂಪನಿಗಳು. ಒಂದು ಕಂಪನಿ ಫ್ರೀಲ್ಯಾನ್ಸ್ ಡಿಸೈನರ್ ಹತ್ರ ಲೋಗೋ ಮಾಡಿಸಿ 2000 ಯೂರೋ ಕೊಟ್ರೆ ಅದರ ಮೇಲೆ 100 ಯೂರೋ ಹತ್ತಿರ ಈ ವಿಮೆಗೂ ಕಟ್ಟಬೇಕು. ಸೋಪು ಮಾರೋ ಕಂಪನಿ ಕೂಡ ಹೀಗೆ ಕಲೆಗೆ ದುಡ್ಡು ಹಾಕ್ತಿದೆ, ಅದಕ್ಕೆ ಗೊತ್ತಿಲ್ಲದೆ.

ಬೆಂಗಳೂರಲ್ಲಿ ಇರೋರು ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಏನಾದ್ರೂ ಪ್ರೋಗ್ರಾಂ ನೋಡಿರ್ತೀರಿ. ಅದು ಗೋಥೆ ಇನ್‌ಸ್ಟಿಟ್ಯೂಟ್, ಜರ್ಮನ್ ಸರ್ಕಾರದಿಂದ ಅದಕ್ಕೆ ಬರೋ ಅನುದಾನ ಮುಖ್ಯವಾಗಿ ವಿದೇಶಾಂಗ ಇಲಾಖೆಯಿಂದ. ಅದೂ ಸಂಸ್ಕೃತಿಯ ಖಾತೇಲಿ ಸಿಗಲ್ಲ.

ಫ್ರಾನ್ಸ್, ಅಂದ್ರೆ 507 ಗಂಟೆ

1959ರಲ್ಲಿ ಅಧ್ಯಕ್ಷ ಡಿ ಗಾಲ್ ಕಾಲದಲ್ಲಿ ಸಂಸ್ಕೃತಿ ಸಚಿವಾಲಯ, ಮೊದಲ ಮಂತ್ರಿ ಮಾಲ್ರೋ, 1981ರಲ್ಲಿ ಜ್ಯಾಕ್ ಲ್ಯಾಂಗ್ ಮಂತ್ರಿಯಾಗಿ ಬಂದು ಮುಂದಿನ ವರ್ಷ ಬಜೆಟ್ ಡಬಲ್. ಇದೆಲ್ಲ ನೋಟ್ಸಲ್ಲಿ ಇದೆ. ಸಿನಿಮಾದ್ದೂ ಸುಲಭ: ಟಿಕೆಟ್ ಬೆಲೆಯ 10.72% ಸಿಎನ್‌ಸಿ ಅನ್ನೋ ಸಂಸ್ಥೆಗೆ ಹೋಗುತ್ತೆ, ಹಾಲಿವುಡ್ ಸಿನಿಮಾ ಟಿಕೆಟ್ ಆದ್ರೂ ಸರಿ, ಆ ದುಡ್ಡು ವಾಪಸ್ ಅಲ್ಲಿನ ಸಿನಿಮಾಕ್ಕೆ.

ತಲೆ ಕೆಡಿಸೋದು ಆಂತೆರ್ಮಿತಾಂಗಳ ವ್ಯವಸ್ಥೆ. ನಟರು, ಸಂಗೀತಗಾರರು, ನೃತ್ಯದವರು, ಲೈಟು ಸೌಂಡಿನ ಟೆಕ್ನಿಷಿಯನ್‌ಗಳು, ಇವರಿಗೆಲ್ಲ ಕೆಲಸ ಬಿಟ್ಟು ಬಿಟ್ಟು ಸಿಗೋದು. ಹನ್ನೆರಡು ತಿಂಗಳಲ್ಲಿ 507 ಗಂಟೆ ಕೆಲಸ ತೋರಿಸಿದ್ರೆ ಮುಂದಿನ ಹನ್ನೆರಡು ತಿಂಗಳು ಕೆಲಸ ಇಲ್ಲದ ದಿನಗಳಿಗೆ ನಿರುದ್ಯೋಗ ಭತ್ಯೆ. ಇಲ್ಲಿ ನಿಧಾನಕ್ಕೆ ಹೋಗಬೇಕು, ಯಾಕಂದ್ರೆ 507 ಅನ್ನೋದು ಸಂಬಳನೂ ಅಲ್ಲ, ಭತ್ಯೆಯ ಮೊತ್ತನೂ ಅಲ್ಲ, ಅದು ಬರೀ ಒಳಗೆ ಹೋಗೋಕೆ ಇರೋ ಹೊಸ್ತಿಲು. ಮೊತ್ತ ಎಷ್ಟು ಅನ್ನೋದು ದುಡಿದ ಗಂಟೆ ಮತ್ತೆ ಸಿಕ್ಕಿದ ಸಂಬಳ ಎರಡನ್ನೂ ಸೇರಿಸಿ ಬೇರೆ ಸೂತ್ರದಲ್ಲಿ ಬರುತ್ತೆ, ಎರಡನ್ನೂ ಕಲಸಿದ್ರೆ ಮುಂದಿನ ಸಾಲು ಯಾವ್ದೂ ಅರ್ಥ ಆಗಲ್ಲ.

ಇನ್ನೊಂದು ಗಂಟು: ಕಲಾವಿದರಿಗೆ ಎಷ್ಟೋ ಸಲ ಗಂಟೆ ಲೆಕ್ಕದಲ್ಲಿ ಅಲ್ಲ, ಒಂದು ಶೋಗೆ ಇಷ್ಟು ಅಂತ ಕೊಡ್ತಾರೆ, ಅದಕ್ಕೆ ಕಾಶೆ ಅಂತಾರೆ. ಒಂದು ಕಾಶೆ ಅಂದ್ರೆ 12 ಗಂಟೆ ಅಂತ ಲೆಕ್ಕ, ನಾಟಕ ಒಂದೂವರೆ ಗಂಟೇಲಿ ಮುಗಿದ್ರೂ. ಒಬ್ಬ ನಟಿ ಅಂತ ಇಟ್ಕೊಳ್ಳಿ. ವರ್ಷದಲ್ಲಿ 30 ಶೋ, 360 ಗಂಟೆ ಆಯ್ತು. ಎರಡು ವಾರ ರಿಹರ್ಸಲ್, ವಾರಕ್ಕೆ 35ರಂತೆ ಗಂಟೆ ಲೆಕ್ಕದ ಸಂಬಳ, ಅಲ್ಲಿಗೆ 430. ಐದು ದಿನ ಶೂಟಿಂಗ್, ಐದು ಕಾಶೆ, 490. ಇನ್ನೂ 17 ಕಮ್ಮಿ! ಇನ್ನೆರಡು ಶೋ ಸಿಕ್ರೆ 514, ದಾಟಿದಳು. ಆ ಎರಡು ಶೋ ಮಳೆಗೆ ಕ್ಯಾನ್ಸಲ್ ಆಗಿ ಸಂಬಳ ಚೀಟಿ ಬರದೇ ಇದ್ರೆ ಒಂದು ಇಡೀ ವರ್ಷದ ಭತ್ಯೆ ಕೈತಪ್ಪುತ್ತೆ. ಬರೀ ಕಾಶೆ ಮೇಲೆ ಬದುಕೋರಿಗೆ 43 ಬೇಕು, 42 ಸಾಲಲ್ಲ, 504ಕ್ಕೆ ನಿಲ್ಲುತ್ತೆ. ಪರೀಕ್ಷೆಗೆ 43 ನೆನಪಿದ್ರೆ ಸಾಕು, ಉಳಿದಿದ್ದನ್ನ ಅಲ್ಲೇ ಗುಣಿಸಿ ತೆಗೀಬಹುದು.

ಈಗ ನನ್ನ ಎರಡು ಪ್ರಶ್ನೆ ಹಾಕಿ ನೋಡಿ. ಖಾತೆ ಯಾರದ್ದು? ನಿರುದ್ಯೋಗ ವಿಮೆಯದ್ದು, ಕಾರು ಮಾಡೋರು ಬ್ರೆಡ್ ಮಾರೋರು ಎಲ್ಲಾ ಖಾಸಗಿ ಕಂಪನಿಗಳು ಕಟ್ಟೋ ದುಡ್ಡು ಅಲ್ಲಿಗೇ ಹೋಗೋದು. ಆರಿಸೋರು ಯಾರು? ಯಾರೂ ಇಲ್ಲ, ಗಂಟೆ ತುಂಬಿದ್ರೆ ಆಯ್ತು, ನಾಟಕ ಚೆನ್ನಾಗಿದ್ಯಾ ಅಂತ ಯಾರೂ ಕೇಳಲ್ಲ. ಸಚಿವಾಲಯವೇ ಎಲ್ಲಾ ನಡೆಸೋ ದೇಶ ಅಂತ ಮಾಡೆಲ್‌ನಲ್ಲಿ ಇರೋ ಫ್ರಾನ್ಸಲ್ಲಿ ಕಲಾವಿದರ ದಿನನಿತ್ಯದ ಊಟ ನಿಂತಿರೋದು ಸಚಿವಾಲಯದ ಕೈಗೆ ಸಿಗದ ಈ ಖಾತೆ ಮೇಲೆ. ತಂಡಗಳೂ ಇದನ್ನ ನಂಬ್ಕೊಂಡೇ ನಡೆಯೋದು, ಶೋ ದಿನಗಳಿಗೆ ಸಂಬಳ ಕೊಟ್ಟು ಮಧ್ಯದ ತಯಾರಿ ದಿನಗಳನ್ನ ವಿಮೆಗೆ ಬಿಡೋದು ಮಾಮೂಲು.

2003 ಈ ಕಾರಣಕ್ಕೇ ಮುಖ್ಯ. ಮಾಲೀಕರ ಸಂಘಗಳೂ ಕೆಲವು ಯೂನಿಯನ್‌ಗಳೂ ಕೂತು ನಿಯಮ ಬಿಗಿ ಮಾಡಿದ್ರು, ಅದೇ 507 ಗಂಟೆನ ಟೆಕ್ನಿಷಿಯನ್‌ಗಳು 10 ತಿಂಗಳಲ್ಲಿ, ಕಲಾವಿದರು ಹತ್ತೂವರೆ ತಿಂಗಳಲ್ಲಿ ತುಂಬಿಸಬೇಕು, ಭತ್ಯೆ ಎಂಟೇ ತಿಂಗಳು. ಮುಷ್ಕರ ಎಷ್ಟು ಜೋರಾಯ್ತು ಅಂದ್ರೆ ಆ ಬೇಸಿಗೆ ಆವಿನ್ಯೋಂ ಊರಿನ ದೊಡ್ಡ ನಾಟಕೋತ್ಸವವೇ ರದ್ದು. ಬೈಸ್ಕೊಂಡಿದ್ದು ಸಂಸ್ಕೃತಿ ಮಂತ್ರಿ ಆಯಗೋಂ, ಆದ್ರೆ ಖಾತೆ ಅವರದ್ದಾಗಿರಲಿಲ್ಲ. ಹನ್ನೆರಡು ತಿಂಗಳ ಲೆಕ್ಕ ವಾಪಸ್ ಬಂದಿದ್ದು 2016ರಲ್ಲಿ.

ಬ್ರಿಟನ್

ಆರ್ಟ್ಸ್ ಕೌನ್ಸಿಲ್ 1946, ಹಿಂದೆ ಇದ್ದಿದ್ದು ಅರ್ಥಶಾಸ್ತ್ರಜ್ಞ ಕೇನ್ಸ್. ದುಡ್ಡು ಸರ್ಕಾರದ್ದು, ಆರಿಸೋದು ಕೌನ್ಸಿಲ್, ಮಂತ್ರಿ ದೂರ ನಿಲ್ಲಬೇಕು, ಇದೇ ಆರ್ಮ್ಸ್ ಲೆಂತ್, ಅಂದ್ರೆ ಒಂದು ಕೈಯಳತೆ ದೂರ. 1994ರಿಂದ ಲಾಟರಿ ದುಡ್ಡೂ ಸೇರ್ಕೊಂಡಿದೆ. ಆದ್ರೆ ದೂರ ಅಂದ್ರೆ ಎಷ್ಟು ದೂರ? 2022ರಲ್ಲಿ ಮಂತ್ರಿ ನಡೀನ್ ಡಾರಿಸ್ ಲಂಡನ್‌ನಿಂದ ಹೊರಗೆ ದುಡ್ಡು ಸಾಗಿಸಿ ಅಂತ ಕೌನ್ಸಿಲ್‌ಗೆ ಹೇಳಿದ್ರು, ಯಾವ ಸಂಸ್ಥೆಗೆ ಕತ್ತರಿ ಅಂತ ಹೇಳಲಿಲ್ಲ. ಅದೇ ನವೆಂಬರಲ್ಲಿ ಇಂಗ್ಲಿಷ್ ನ್ಯಾಷನಲ್ ಆಪೆರಾವನ್ನ ಕೌನ್ಸಿಲ್ ಕಾಯಂ ಅನುದಾನದ ಪಟ್ಟಿಯಿಂದ ತೆಗೆದು ಲಂಡನ್ ಬಿಟ್ಟು ಬೇರೆ ಊರು ನೋಡ್ಕೊಳ್ಳಿ ಅಂತು. ಹೆಸರು ಆರಿಸಿದ್ದು ಕೌನ್ಸಿಲ್ಲೇ, ಕಾಗದದ ಮೇಲೆ ನಿಯಮ ಮುರಿದಿಲ್ಲ, ನನ್ನ ಪ್ರಕಾರ ಮಾತ್ರ ಆ ಕೈ ಆವತ್ತು ಬಹಳ ಗಿಡ್ಡ ಆಗಿತ್ತು.

ಉಳಿದವು ಚುಟುಕಾಗಿ

ಐರ್ಲೆಂಡಲ್ಲಿ 1969ರಿಂದ ಲೇಖಕರು, ಸಂಗೀತ ರಚಿಸೋರು, ಚಿತ್ರ ಶಿಲ್ಪ ಮಾಡೋರಿಗೆ ಆದಾಯ ತೆರಿಗೆ ವಿನಾಯಿತಿ, ಈಗ ವರ್ಷಕ್ಕೆ 50,000 ಯೂರೋವರೆಗೆ. ನಟಿಸೋರಿಗೆ, ಹಾಡೋರಿಗೆ ಇಲ್ಲ. ಬಿಟ್ಟ ತೆರಿಗೆ ಯಾವ ಅನುದಾನದ ಪಟ್ಟೀಲೂ ಕಾಣಲ್ಲ, ನೋಡ್ಕೊಳ್ಳಿ. 2022ರಲ್ಲಿ ಅವರೇ 2000 ಕಲಾವಿದರಿಗೆ ವಾರಕ್ಕೆ 325 ಯೂರೋ ಕೊಡೋ ಪ್ರಯೋಗ ಶುರು ಮಾಡಿದ್ರು, ಅರ್ಹರಲ್ಲಿ ಯಾರಿಗೆ ಅನ್ನೋದನ್ನ ಚೀಟಿ ಎತ್ತಿದ ಹಾಗೆ ಆರಿಸಿದ್ರು.

ಹಂಗೇರೀಲಿ 2009ರಿಂದ ಕಂಪನಿಗಳು ತಮ್ಮ ತೆರಿಗೆಯ ಒಂದು ಪಾಲನ್ನ ಸೀದಾ ಥಿಯೇಟರ್‌ಗೆ ಕೊಡಬಹುದಿತ್ತು, ಎಷ್ಟು ತಗೋಬಹುದು ಅನ್ನೋದು ಆ ಥಿಯೇಟರಿನ ಟಿಕೆಟ್ ಗಳಿಕೆಯ 80% ಮಿತಿ ಮೇಲೆ. ಟಿಕೆಟ್ ಲೆಕ್ಕ ಉಬ್ಬಿಸ್ತಿದಾರೆ ಅನ್ನೋ ಆರೋಪ ಬಂದು 2018ರ ಕೊನೆಗೆ ನಿಲ್ಲಿಸಿದ್ರು. ಇಲ್ಲಿ ಆರಿಸೋ ಕೈ ಕಂಪನಿಯದ್ದು, ಖಾತೆ ಖಜಾನೆಯದ್ದೇ.

ಐರೋಪ್ಯ ಒಕ್ಕೂಟದ್ದು ಎರಡು ಸಾಲಲ್ಲಿ ಮುಗಿಸಿ. ಒಕ್ಕೂಟದ ಕಾರ್ಯನಿರ್ವಹಣೆ ಒಪ್ಪಂದದ 167ನೇ ವಿಧಿ ಪ್ರಕಾರ ಅದು ದೇಶಗಳ ಕೆಲಸಕ್ಕೆ ಪೂರಕ ಅಷ್ಟೇ, ಕಾನೂನು ಒಂದೇ ಥರ ಮಾಡೋ ಅಧಿಕಾರ ಇಲ್ಲ. ಅದರ ಸಂಸ್ಕೃತಿ ಅನುದಾನ ಯೋಜನೆ ಕ್ರಿಯೇಟಿವ್ ಯುರೋಪ್‌ಗೆ 2021ರಿಂದ 2027ರವರೆಗೆ ಇಟ್ಟಿರೋದು 244 ಕೋಟಿ ಯೂರೋ, ಅಂದ್ರೆ ವರ್ಷಕ್ಕೆ 35 ಕೋಟಿ ಹತ್ತಿರ, ಅದೂ ಅಷ್ಟೂ ದೇಶಗಳಿಗೆ. ಮೇಲಿನ ಜರ್ಮನಿಯ ಒಂದು ವರ್ಷದ 1450 ಕೋಟಿ ಪಕ್ಕ ಇದನ್ನ ಬರೆದ್ರೆ ಬೇರೆ ವಿವರಣೆ ಬೇಕಾಗಲ್ಲ.