ಲೇಟೆಕ್ ಕೋಡ್ ಓದಲು ಇಷ್ಟೊಂದು ಕಷ್ಟ ಏಕೆ?

ಪುಸ್ತಕ, ಪ್ರಬಂಧಗಳನ್ನು ಅಂದವಾಗಿ ಪುಟಕ್ಕಿಳಿಸುವ ತಂತ್ರಾಂಶ ಲೇಟೆಕ್. ಅದಕ್ಕೆ ಹೊಸ ಸೌಲಭ್ಯ ಕೂಡಿಸುವ ಪ್ಯಾಕೇಜೊಂದರ ಕೋಡನ್ನು ಮೊದಲ ಸಲ ತೆರೆದು ನೋಡಿದವರು ಗಾಬರಿಯಾಗುವುದು ಸಹಜ. ಸೊನ್ನೆ ಇರಬೇಕಾದಲ್ಲಿ ಝಡ್ ಅಕ್ಷರ, ಅದರ ಬೆನ್ನಿಗೆ ಇಮೇಲ್ ವಿಳಾಸದ ಆ್ಯಟ್ ಚಿಹ್ನೆ. ಯಾರೂ ಬೇಕೆಂದೇ ಮಾಡಿದ ಗೋಜಲಲ್ಲ ಇದು. ಅಂದಿನ ಕಂಪ್ಯೂಟರುಗಳ ಬಡತನ ಮಾಡಿಸಿದ್ದು.

1977ರಲ್ಲಿ ಕೈಗೆ ಬಂದ ತಮ್ಮ ಪುಸ್ತಕದ ಪ್ರೂಫ್ ಅಂದಗೆಟ್ಟಿದ್ದು ನೋಡಿ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ ಟೆಕ್ ಎಂಬ ಅಕ್ಷರಜೋಡಣೆಯ ತಂತ್ರಾಂಶ ಬರೆಯಲು ಹೊರಟರು, ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ ಲೇಟೆಕ್ ಕಟ್ಟಿದರು, 1994ರಲ್ಲಿ ಇಂದಿಗೂ ಬಳಕೆಯಲ್ಲಿರುವ ಲೇಟೆಕ್ 2ಇ ಬಂತು. ಕನೂತ್ ಟೆಕ್‌ನ ಮೂಲ ಕೋಡನ್ನು ವಿವರಣೆಯ ಜೊತೆ ಹೆಣೆದು, ಮನುಷ್ಯರು ಪುಸ್ತಕದಂತೆ ಓದಲೆಂದೇ ಬರೆದಿದ್ದರು. ಅದರ ಮೇಲೆ ಬೆಳೆದ ಮ್ಯಾಕ್ರೋಗಳಿಗೆ, ಅಂದರೆ ಹಲವು ಆದೇಶಗಳನ್ನು ಒಂದೇ ಹೆಸರಿನಡಿ ಕಟ್ಟಿಟ್ಟ ತುಣುಕುಗಳಿಗೆ, ಆ ಭಾಗ್ಯ ಸಿಗಲಿಲ್ಲ.

ಆ ಸೊನ್ನೆಯನ್ನೇ ನೋಡಿ. 'ಸೊನ್ನೆ ಪಾಯಿಂಟ್' (0pt; ಪಾಯಿಂಟ್ ಎಂದರೆ ಮುದ್ರಣದ ಅಳತೆ) ಎಂದು ಬಿಡಿಸಿ ಬರೆದರೆ ಟೆಕ್ ಅಂಕಿ, ಪಿ, ಟಿ ಎಂದು ಒಂದೊಂದನ್ನೇ ಓದಿ, ಮುಂದೆ ಖಾಲಿ ಜಾಗವಿದೆಯೇ ಎಂದೂ ಇಣುಕುತ್ತದೆ. ಮೂರು ಟೋಕನ್, ಅಂದರೆ ಟೆಕ್ ಓದುವ ಮೂರು ಬಿಡಿ ಘಟಕ. ಬೆಲೆಯನ್ನು ರಿಜಿಸ್ಟರಿನಲ್ಲಿ, ಅಂದರೆ ಟೆಕ್ ಬೆಲೆಗಳನ್ನು ಇಡುವ ಗೂಡಿನಲ್ಲಿ, ಇಟ್ಟು ಝಡ್-ಆ್ಯಟ್ ಎಂಬ ಚುಟುಕು ಹೆಸರು ಕೊಟ್ಟರೆ ಒಂದೇ ಟೋಕನ್. 640 ಕಿಲೋಬೈಟ್ ಮೆಮೊರಿಯ ಪಿಸಿಯಲ್ಲಿ ಅದು ಸಣ್ಣ ಉಳಿತಾಯವಲ್ಲ. ರಿಜಿಸ್ಟರುಗಳೂ ಪ್ರತಿ ಬಗೆಯಲ್ಲಿ 256 ಮಾತ್ರ. ಹಾಗಾಗಿ ಒಂದೇ ತಾತ್ಕಾಲಿಕ ರಿಜಿಸ್ಟರನ್ನು ಹತ್ತು ಕಡೆ ಬಳಸುವುದು ರೂಢಿಯಾಯಿತು. ಒಂದು ಮ್ಯಾಕ್ರೋ ಇಟ್ಟ ಬೆಲೆಯನ್ನು ಅದೇ ಕರೆದ ಇನ್ನೊಂದು ಅಳಿಸಿದರೆ, ತಪ್ಪು ಪುಟದ ಮೇಲೆ ಕಾಣುತ್ತದೆ, ಕಾರಣ ಎಲ್ಲೂ ಕಾಣುವುದಿಲ್ಲ. ಇಂಥದ್ದೊಂದರ ಬೆನ್ನು ಹತ್ತಿ ನಾನು ಎರಡು ರಾತ್ರಿ ನಿದ್ದೆಗೆಟ್ಟಿದ್ದೇನೆ. ಟೆಕ್‌ನ ವಿಸ್ತರಿಸಿದ ರೂಪ ಇ-ಟೆಕ್ ಬಂದ ಮೇಲೆ ರಿಜಿಸ್ಟರುಗಳು 32768 ಆದವು. ರೂಢಿ ಮಾತ್ರ ಹೋಗಲಿಲ್ಲ.

ಲೇಟೆಕ್ 3 ತಂಡದ ಹೊಸ ಕೋಡಿಂಗ್ ಪದ್ಧತಿ ಹುಟ್ಟಿದ್ದು ಇದನ್ನು ಸರಿಪಡಿಸಲೆಂದೇ. ಕಮಾಂಡ್ ಯಾವ ವಿಭಾಗದ್ದು, ಏನು ಮಾಡುತ್ತದೆ, ಎಂಥ ಆರ್ಗ್ಯುಮೆಂಟ್ (ನಾವು ಅದಕ್ಕೆ ಕೊಡಬೇಕಾದ ಮಾಹಿತಿ) ಬೇಡುತ್ತದೆ, ಎಲ್ಲವೂ ಹೆಸರಿನಲ್ಲೇ ಇರುತ್ತದೆ. ಕೋಡಿನೊಳಗಿನ ಖಾಲಿ ಜಾಗ ಪುಟಕ್ಕೆ ಸೋರುವುದಿಲ್ಲ, ಹಾಗಾಗಿ ಸಾಲಿನ ಕೊನೆಗೆಲ್ಲ ಶೇಕಡಾ ಚಿಹ್ನೆ ಹಾಕುವ ಕಾಟವೂ ಇಲ್ಲ. ಆದರೆ ಅದನ್ನು ಬಳಸಿದ ಪ್ಯಾಕೇಜು ಒಂದಿದ್ದರೂ ಸಾಕು, ಸಾವಿರಾರು ಸಾಲು ಪ್ರತಿ ಸಲ ಲೋಡ್ ಆಗಬೇಕಿತ್ತು. ಅರ್ಧ ಪುಟದ ಪತ್ರಕ್ಕೂ ಕಾಯಬೇಕೇ ಎಂಬ ಗೊಣಗಾಟ ನ್ಯಾಯವಾದದ್ದೇ. 2020ರ ಫೆಬ್ರವರಿಯಲ್ಲಿ ಅದನ್ನು ಲೇಟೆಕ್‌ನ ಫಾರ್ಮ್ಯಾಟಿನೊಳಗೇ, ಅಂದರೆ ಸಿದ್ಧಪಡಿಸಿಟ್ಟ ಮೂಲ ಕಡತದೊಳಗೇ, ಮೊದಲೇ ಸೇರಿಸಿಟ್ಟರು, ಆ ಕಾಯುವಿಕೆ ತಪ್ಪಿತು. ಓದಲು ಬರುವ ಹಾಗೆ ಬರೆದದ್ದನ್ನು ಆಮೇಲೆ ವೇಗವಾಗಿಸಬಹುದು. ವೇಗಕ್ಕಾಗಿ ಮುದುಡಿಸಿ ಬರೆದದ್ದನ್ನು ಬಿಡಿಸುವುದು ಬಲು ಕಷ್ಟ.

ಹಳೆಯ ಚುಟುಕು ಸೊನ್ನೆ ಇಂದಿಗೂ ಇದೆ. ಲೆಕ್ಕವಿಲ್ಲದಷ್ಟು ಪ್ಯಾಕೇಜುಗಳು ಅದನ್ನೇ ನಂಬಿವೆ, ಕಿತ್ತರೆ ಎಂದೋ ಬರೆದ ಥೀಸಿಸ್‌ಗಳು ಕಂಪೈಲ್ ಆಗುವುದಿಲ್ಲ.