ಒಂದೇ ದಾವೆ, ನಾಲ್ಕು ನ್ಯಾಯಾಲಯ: ಸಿವಿಲ್ ಪ್ರಕರಣದಲ್ಲಿ ನ್ಯಾಯಾಧೀಶರ ಕೆಲಸ

ಸಿವಿಲ್ ಪ್ರಕ್ರಿಯಾ ಸಂಹಿತೆ, 1908ರ ಕಲಂ 96 (ಮೊದಲ ಮೇಲ್ಮನವಿ) ಮತ್ತು 100ರ (ಎರಡನೇ ಮೇಲ್ಮನವಿ) ವ್ಯತ್ಯಾಸವನ್ನು ಬಾಯಿಪಾಠ ಮಾಡುವುದಕ್ಕಿಂತ ಒಂದು ದಾವೆಯ ಬೆನ್ನು ಹತ್ತಿ ಹೋಗುವುದು ಮೇಲು. ನಾನು ಆರಿಸಿಕೊಂಡಿರುವುದು ವರಂಗಲ್‌ನ ನಿವೇಶನಗಳ ಪ್ರಕರಣ (ಸುಪ್ರೀಂ ಕೋರ್ಟ್ ತೀರ್ಪುಗಳ ವರದಿ ಸಂಪುಟದಲ್ಲಿ, 2008ರ 4 ಎಸ್.ಸಿ.ಸಿ. 594). ಸುಪ್ರೀಂ ಕೋರ್ಟ್‌ನಲ್ಲಿ ಇದರ ತೀರ್ಪು ಬರೆದವರು, ಹಿಂದೆ ನಮ್ಮ ಕರ್ನಾಟಕ ಹೈಕೋರ್ಟ್‌ನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್.

ವಾದಿಗಳು 1968ರಲ್ಲಿ ಒಬ್ಬ ಮಹಿಳೆಯಿಂದ ನೋಂದಾಯಿತ ಕ್ರಯಪತ್ರಗಳ ಮೂಲಕ ನಿವೇಶನ ಕೊಂಡಿದ್ದರು. ಪ್ರತಿವಾದಿ ಅದೇ ಜಾಗವನ್ನು ಆಕೆಯ ಸಹೋದರನಿಂದ ಕೊಂಡಿದ್ದೇನೆ ಎಂದ. ವಾದಿಗಳು ಕೇಳಿದ್ದು ಶಾಶ್ವತ ನಿರ್ಬಂಧಕಾಜ್ಞೆ (ಪ್ರತಿವಾದಿ ಅಡ್ಡಿಪಡಿಸಬಾರದೆಂಬ ಆದೇಶ) ಮಾತ್ರ. ಹಕ್ಕು ಘೋಷಣೆಯನ್ನು, ಅಂದರೆ ಜಾಗದ ಒಡೆತನ ತಮ್ಮದೆಂದು ನ್ಯಾಯಾಲಯ ಸಾರುವುದನ್ನು, ಕೇಳಲಿಲ್ಲ. ಇದನ್ನು ನೆನಪಿಡಿ, ಮುಂದೆ ಎಲ್ಲವೂ ಇಲ್ಲಿಗೇ ಬಂದು ನಿಲ್ಲುತ್ತದೆ.

ವಿಚಾರಣಾ ನ್ಯಾಯಾಧೀಶರ ಅತಿ ಮುಖ್ಯ ಕೆಲಸ ತೀರ್ಪು ಬರೆಯುವುದು ಎಂದುಕೊಳ್ಳುತ್ತೇವೆ. ನನ್ನ ಮಟ್ಟಿಗೆ ಅದು ವಿವಾದಾಂಶ ರೂಪಿಸುವುದು (ಆದೇಶ 14). ವಾದಿ ತನ್ನ ವಾದಪತ್ರದಲ್ಲಿ ಹೌದೆಂದು ಹೇಳಿ, ಪ್ರತಿವಾದಿ ತನ್ನ ಲಿಖಿತ ಹೇಳಿಕೆಯಲ್ಲಿ ಅಲ್ಲವೆಂದ ಸಂಗತಿಯೇ ವಿವಾದಾಂಶ. ಅದರಲ್ಲಿ ಇಲ್ಲದ ಸಂಗತಿಗೆ ಯಾರೂ ಸಾಕ್ಷಿ ತರುವುದಿಲ್ಲ, ಪಾಟೀಸವಾಲು ಹಾಕುವುದಿಲ್ಲ. ವಿಚಾರಣೆ ನಡೆಯುವಾಗ ನ್ಯಾಯಾಧೀಶರು ಸುಮ್ಮನೆ ಕೂತು ಕೇಳುವವರೂ ಅಲ್ಲ: ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 168 (ಹಳೆಯ ಕಾಯ್ದೆಯ 165) ಅವರಿಗೆ ಪ್ರಶ್ನೆ ಕೇಳುವ ಅಧಿಕಾರ ಕೊಡುತ್ತದೆ. ಸಾಕ್ಷಿ ತಡವರಿಸಿದ ರೀತಿಯನ್ನೂ ಅವರು ಬರೆದಿಡಬಹುದು (ಆದೇಶ 18, ನಿಯಮ 12).

ಮೊದಲ ಮೇಲ್ಮನವಿಯಲ್ಲಿ (ಕಲಂ 96) ಸಂಗತಿ, ಕಾನೂನು ಎರಡೂ ಮತ್ತೆ ತೆರೆದುಕೊಳ್ಳುತ್ತವೆ. ಆದೇಶ 41, ನಿಯಮ 31ರಂತೆ ನಿರ್ಣಯಿಸಬೇಕಾದ ಅಂಶಗಳು, ತೀರ್ಮಾನ ಮತ್ತು ಕಾರಣಗಳನ್ನು ಬರೆಯಲೇಬೇಕು. ಕೆಳಗಿನ ತೀರ್ಪನ್ನು ಒಪ್ಪುವಾಗ ಎಲ್ಲವನ್ನೂ ಮತ್ತೆ ವಿವರಿಸಬೇಕಾಗಿಲ್ಲ. ಸಂಗತಿಯ ನಿರ್ಣಯವನ್ನು ತಿರುಗಿಸುವುದಾದರೆ ಮಾತ್ರ ವಿಚಾರಣಾ ನ್ಯಾಯಾಧೀಶರ ಕಾರಣಗಳನ್ನು ಹತ್ತಿರದಿಂದ ಪರಿಶೀಲಿಸಿ, ಆಮೇಲೆ ತಮ್ಮ ಕಾರಣ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿದೆ. ಇದು ನ್ಯಾಯವಾದ ಮಾತು. ಸಾಕ್ಷಿಯನ್ನು ಕಣ್ಣಾರೆ ಕಂಡವರು ವಿಚಾರಣಾ ನ್ಯಾಯಾಧೀಶರೇ ಅಲ್ಲವೇ?

ಎರಡನೇ ಮೇಲ್ಮನವಿ ಹೈಕೋರ್ಟ್‌ಗೆ ಮಾತ್ರ (ಕಲಂ 100, ನಮ್ಮಲ್ಲಿ ಆರ್.ಎಸ್.ಎ., ಅಂದರೆ ರೆಗ್ಯುಲರ್ ಸೆಕೆಂಡ್ ಅಪೀಲ್, ಎಂದು ಸಂಖ್ಯೆ ಬೀಳುತ್ತದೆ). 1976ರ ತಿದ್ದುಪಡಿಯ ನಂತರ ಇಲ್ಲಿ ಕಾನೂನಿನ ಮಹತ್ವದ ಪ್ರಶ್ನೆ ಇರಬೇಕು, ಅದನ್ನು ನ್ಯಾಯಾಲಯವೇ ರೂಪಿಸಬೇಕು. ಸಂಗತಿಯ ಬಾಗಿಲು ಬಹುಮಟ್ಟಿಗೆ ಮುಚ್ಚಿರುತ್ತದೆ.

ಈಗ ವರಂಗಲ್‌ಗೆ ಮರಳೋಣ. ವಿಚಾರಣಾ ನ್ಯಾಯಾಲಯ ವಾದಿಗಳ ಪರ ಡಿಕ್ರಿ (ತೀರ್ಪಿನಂತೆ ಹೊರಡುವ ಆಜ್ಞೆ) ಕೊಟ್ಟಿತು. ಮೊದಲ ಮೇಲ್ಮನವಿಯಲ್ಲಿ ದಾವೆ ವಜಾ ಆಯಿತು. ಹೈಕೋರ್ಟ್ ಡಿಕ್ರಿಯನ್ನು ಮತ್ತೆ ಎತ್ತಿ ಹಿಡಿಯಿತು. ಸಹೋದರ ತನ್ನ ಸಹೋದರಿಗೆ ಆ ಜಮೀನನ್ನು ಅರಿಶಿನ ಕುಂಕುಮಕ್ಕೆಂದು (ತೆಲುಗಿನಲ್ಲಿ ಪಸುಪು ಕುಂಕುಮ) ಬಾಯಿಮಾತಿನಲ್ಲಿ ದಾನ ಕೊಟ್ಟಿದ್ದ, ಆದ್ದರಿಂದ ಆಕೆಗೆ ಹಕ್ಕಿತ್ತು ಎಂಬ ದಾರಿಯಲ್ಲಿ ಅದು ಸಾಗಿತ್ತು. ಆದರೆ ಹಕ್ಕಿನ ಬಗ್ಗೆ ವಿವಾದಾಂಶವೇ ಇರಲಿಲ್ಲ! ಇಲ್ಲದ ವಿವಾದಾಂಶಕ್ಕೆ ಎರಡನೇ ಮೇಲ್ಮನವಿಯಲ್ಲಿ ಉತ್ತರ ಕೊಡಲಾಗದು ಎಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಪಡಿಸಿತು.

ಜಾಗ ವಾದಿಯ ಸ್ವಾಧೀನದಲ್ಲಿದ್ದು, ಹಕ್ಕಿನ ಮೇಲೆ ಮೋಡ ಕವಿದಿದ್ದರೆ (ಅದು ಅನುಮಾನಕ್ಕೆ ಒಳಗಾಗಿದ್ದರೆ) ಘೋಷಣೆಯನ್ನೂ ಅದರ ಜೊತೆಗೆ ನಿರ್ಬಂಧಕಾಜ್ಞೆಯನ್ನೂ ಕೇಳಬೇಕು. ಬರೀ ನಿರ್ಬಂಧಕಾಜ್ಞೆಯ ದಾವೆಯಲ್ಲಿ ಹಕ್ಕಿನ ಪ್ರಶ್ನೆಯನ್ನು ತೀರ್ಮಾನಿಸಬೇಕಾದರೆ ಅದಕ್ಕೆ ಬೇಕಾದ ವಾದಾಂಶ (ಪಕ್ಷಕಾರರು ಬರೆದುಕೊಟ್ಟ ವಾದ), ವಿವಾದಾಂಶ ಎರಡೂ ದಾವೆಯಲ್ಲಿರಬೇಕು, ಪ್ರಶ್ನೆಯೂ ಸರಳವಾಗಿರಬೇಕು. ಪರೀಕ್ಷೆಗೆ ಬೇಕಾದ ಸೂತ್ರ ಇಷ್ಟೇ. ಆ ಕುಟುಂಬಗಳ ಪಾಡು ಮಾತ್ರ ಮನಸ್ಸಿನಿಂದ ಹೋಗುವುದಿಲ್ಲ: ಕ್ರಯಪತ್ರವಾಗಿ ನಲವತ್ತು ವರ್ಷವಾಗುವ ಹೊತ್ತಿಗೆ ಅವರಿಗೆ ಸಿಕ್ಕಿದ್ದು, ಘೋಷಣೆಗಾಗಿ ಹೊಸ ದಾವೆ ಹೂಡಲು ಅಡ್ಡಿಯಿಲ್ಲ ಎಂಬ ಮಾತು.