ಒಂದು ಲೋಟ ಕಾಫಿಯ ಪರೀಕ್ಷೆ

ಲಕ್ವ ಹೊಡೆದವರನ್ನು ನೋಡಲು ಹೋದವರೆಲ್ಲ ಮೊದಲು ಕೇಳುವುದು ಒಂದೇ: "ಈಗ ನಡೀತಾರಾ?" ಮನೆಯವರ ಕಣ್ಣೂ ಕಾಲಿನ ಮೇಲೇ ಇರುತ್ತದೆ. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಎಲ್ಲರಿಗೂ ನಿರಾಳ. ಆದರೆ ಹಾಗೆ ನಡೆದವರು ಮನೆಗೆ ಹೋಗಿ ಸ್ನಾನ ಮಾಡಬೇಕು, ಸೀರೆ ಉಡಬೇಕು, ಗ್ಯಾಸ್ ಹಚ್ಚಬೇಕು, ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಬೇಕು. ಇದೆಲ್ಲ ಅವರಿಂದ ಆಗುತ್ತಾ ಎಂದು ನೋಡುವವರು ಯಾರು?

ಅದಕ್ಕೆಂದೇ ಓದಿ ಬಂದವರು ಆಕ್ಯುಪೇಷನಲ್ ಥೆರಪಿಸ್ಟ್‌ಗಳು. ಫಿಸಿಯೋಥೆರಪಿಸ್ಟ್ ಹೆಚ್ಚಾಗಿ ದೇಹದ ಚಲನೆಯ ಕಡೆ ಗಮನ ಕೊಡುತ್ತಾರೆ: ಸ್ನಾಯುವಿನ ಬಲ, ಸಮತೋಲ, ನಡಿಗೆ. ಆಕ್ಯುಪೇಷನಲ್ ಥೆರಪಿಸ್ಟ್ ನೋಡುವುದು ಕೆಲಸವನ್ನು. ಈ ಮನುಷ್ಯ ತನ್ನ ದಿನದ ಕೆಲಸಗಳನ್ನು ತಾನೇ ಮಾಡಿಕೊಳ್ಳಬಲ್ಲರಾ? ಆಗದಿದ್ದರೆ ಎಲ್ಲಿ ತಡೆಯುತ್ತಿದೆ? ತೋಳಿನಲ್ಲೋ, ಕಣ್ಣಿನಲ್ಲೋ, ನೆನಪಿನಲ್ಲೋ, ಬಚ್ಚಲುಮನೆಯ ಹೊಸ್ತಿಲಲ್ಲೋ? ಇವರಲ್ಲೇ ಕೆಲವರು ಸ್ಟ್ರೋಕ್ (ಲಕ್ವ), ಕೈಗಾಯ, ಮಕ್ಕಳ ಬೆಳವಣಿಗೆ, ಮಾನಸಿಕ ಆರೋಗ್ಯ ಹೀಗೆ ಒಂದೊಂದು ಕ್ಷೇತ್ರದಲ್ಲಿ ಪಳಗಿ ತಜ್ಞರಾಗುತ್ತಾರೆ. ಇಲ್ಲಿ ಸ್ಟ್ರೋಕ್ ತಜ್ಞರ ಕೆಲಸವನ್ನಷ್ಟೇ ಸ್ವಲ್ಪ ಹತ್ತಿರದಿಂದ ನೋಡೋಣ.

ಅರವತ್ತು ದಾಟಿದ ಒಬ್ಬ ಹೆಂಗಸು ಎಂದಿಟ್ಟುಕೊಳ್ಳಿ. ಮಿದುಳಿನ ಬಲಭಾಗದ ರಕ್ತನಾಳ ಕಟ್ಟಿಕೊಂಡು ಸ್ಟ್ರೋಕ್ ಆಗಿದೆ. ಎಡಗೈ ಸ್ವಲ್ಪ ಸೋತಿದೆ. ಎರಡು ವಾರದಲ್ಲಿ ನಡೆಯುತ್ತಿದ್ದಾರೆ, ಮಾತು ಸ್ಪಷ್ಟವಾಗಿದೆ, ಮೊಮ್ಮಕ್ಕಳ ಹೆಸರೆಲ್ಲ ನೆನಪಿದೆ. ಡಿಸ್ಚಾರ್ಜ್ ಮಾಡಿಬಿಡಬಹುದು ಅನ್ನಿಸುತ್ತದೆ. ಆಗ ಥೆರಪಿಸ್ಟ್ ಅವರನ್ನು ಆಸ್ಪತ್ರೆಯಲ್ಲೇ ಇರುವ ಚಿಕ್ಕ ಅಡುಗೆಮನೆಗೆ ಕರೆದುಕೊಂಡು ಹೋಗುತ್ತಾರೆ. "ಅಮ್ಮಾ, ನನಗೊಂದು ಲೋಟ ಕಾಫಿ ಮಾಡಿಕೊಡ್ತೀರಾ?" "ಅಯ್ಯೋ, ಅದೇನು ಮಹಾ!" ಎಂದು ಅವರು ಶುರು ಮಾಡುತ್ತಾರೆ.

ಥೆರಪಿಸ್ಟ್ ಪಕ್ಕದಲ್ಲಿ ನಿಂತು ಸುಮ್ನೆ ನೋಡುತ್ತಾರೆ. ಹಾಲಿನ ಪಾತ್ರೆ ಒಲೆಯ ಮೇಲೆ ಕೂತಿತು. ಗ್ಯಾಸ್ ತಿರುಗಿಸಿದರು. ಲೈಟರ್ ಎಡಗಡೆ ಇದೆ. ಅದು ಅವರಿಗೆ ಕಾಣಲಿಲ್ಲ. ಬಲಗಡೆಯೆಲ್ಲ ಹುಡುಕುತ್ತಿದ್ದಾರೆ, ಅಷ್ಟು ಹೊತ್ತೂ ಗ್ಯಾಸ್ ಸೋರುತ್ತಿದೆ. ಥೆರಪಿಸ್ಟ್ ಮೆಲ್ಲಗೆ ಕೈಚಾಚಿ ಗ್ಯಾಸ್ ಆಫ್ ಮಾಡಿ ಲೈಟರ್ ಕೊಡುತ್ತಾರೆ. ಹಾಲು ಕಾಯುತ್ತದೆ. ಈಗ ಎಡಗೈ ಉರಿಯ ಹತ್ತಿರಕ್ಕೇ ಬಂದು ಕೂತಿದೆ, ಅದರ ಪರಿವೆಯೇ ಅವರಿಗಿಲ್ಲ. ಸಕ್ಕರೆ ಡಬ್ಬಿಯೂ ಎಡಗಡೆಯೇ. "ಸಕ್ಕರೆ ಇಲ್ವಲ್ಲ ಇಲ್ಲಿ" ಅನ್ನುತ್ತಾರೆ. ಕೊನೆಗೆ ಕಾಫಿಯೇನೋ ಆಯಿತು. "ನೋಡಿ, ಮಾಡಿದೆ. ನನಗೇನೂ ಆಗಿಲ್ಲ" ಎಂದು ನಗುತ್ತಾರೆ.

ಇಷ್ಟರಲ್ಲಿ ಎಷ್ಟು ವಿಷಯ ಬಯಲಾಯಿತು ನೋಡಿ. ಕೈಯ ಬಲ ಅಳೆದಿದ್ದರೆ ಇದು ಗೊತ್ತಾಗುತ್ತಿರಲಿಲ್ಲ. ಹಾಸಿಗೆ ಪಕ್ಕ ನಿಂತು ಇವತ್ತು ಯಾವ ವಾರ ಎಂದು ಕೇಳಿದ್ದರೂ ಗೊತ್ತಾಗುತ್ತಿರಲಿಲ್ಲ. ಒಬ್ಬರನ್ನೇ ಅಡುಗೆಮನೆಯಲ್ಲಿ ಬಿಟ್ಟರೆ ಬೆಂಕಿ ಅನಾಹುತ ಆಗಬಹುದು ಎನ್ನುವ ಮುಖ್ಯ ಸಂಗತಿ ಹೊರಬಿದ್ದದ್ದು ಕಾಫಿ ಮಾಡಿಸಿದ್ದರಿಂದ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಇದೇ ಪರೀಕ್ಷೆಯನ್ನು ಚಹಾ ಮಾಡಿಸಿ ನೋಡುತ್ತಾರೆ. ರೋಗಿ ವರ್ಷಗಟ್ಟಲೆ ಮಾಡಿ ಕೈ ಪಳಗಿದ ಕೆಲಸವೇ ಆಗಬೇಕು, ಅದೇ ಇದರ ಜೀವ.

ಈ ಅಮ್ಮನಿಗೆ ಆಗಿರುವುದು ಕಣ್ಣಿನ ತೊಂದರೆ ಅಲ್ಲ. ಕಣ್ಣು ಚೆನ್ನಾಗೇ ಇದೆ. ಮಿದುಳು ಎಡಗಡೆಗೆ ಗಮನ ಕೊಡುವುದನ್ನೇ ಬಿಟ್ಟಿದೆ. ಇದಕ್ಕೆ ನೆಗ್ಲೆಕ್ಟ್ ಎನ್ನುತ್ತಾರೆ. ತಟ್ಟೆಯ ಬಲಗಡೆಯ ಅನ್ನ ಮಾತ್ರ ತಿಂದು "ಇನ್ನೂ ಹಸಿವು" ಅನ್ನುವವರಿದ್ದಾರೆ. ಮುಖದ ಬಲಗಡೆ ಮಾತ್ರ ಶೇವ್ ಮಾಡಿಕೊಂಡು ಬರುವವರಿದ್ದಾರೆ. ಬಲ ಮಿದುಳು ಎರಡೂ ಕಡೆಗೆ ಗಮನ ಕೊಡುತ್ತದೆ, ಎಡ ಮಿದುಳು ಹೆಚ್ಚಾಗಿ ಬಲಗಡೆಗೆ ಮಾತ್ರ. ಹಾಗಾಗಿ ಬಲ ಮಿದುಳಿಗೆ ಪೆಟ್ಟಾದಾಗ ಎಡಗಡೆಯನ್ನು ನೋಡಿಕೊಳ್ಳುವವರೇ ಇರುವುದಿಲ್ಲ ಎನ್ನುವುದು ಇದಕ್ಕೆ ಹೆಚ್ಚಾಗಿ ಕೊಡುವ ವಿವರಣೆ.

ಈ ವಿಷಯದಲ್ಲಿ ನನ್ನನ್ನು ಬೆರಗುಗೊಳಿಸಿದ ಪ್ರಯೋಗವೊಂದಿದೆ. 1978ರಲ್ಲಿ ಇಟಲಿಯ ಬಿಸಿಯಾಕ್ ಮತ್ತು ಲುಜಾಟ್ಟಿ ಎಂಬ ಇಬ್ಬರು ಸಂಶೋಧಕರು ನೆಗ್ಲೆಕ್ಟ್ ಇದ್ದ ರೋಗಿಗಳಿಗೆ ಮಿಲಾನ್ ನಗರದ ದೊಡ್ಡ ಚರ್ಚಿನ ಚೌಕವನ್ನು ನೆನಪಿಸಿಕೊಳ್ಳಲು ಹೇಳಿದರು. ಅವರಿಗೆ ಚೆನ್ನಾಗಿ ಗೊತ್ತಿದ್ದ ಜಾಗ ಅದು. ಚರ್ಚಿಗೆ ಮುಖ ಮಾಡಿ ನಿಂತಿದ್ದೀರಿ ಎಂದುಕೊಳ್ಳಿ, ಏನೇನು ಕಾಣುತ್ತದೆ? ರೋಗಿಗಳು ಬಲಗಡೆಯ ಕಟ್ಟಡಗಳನ್ನು ಹೇಳಿದರು, ಎಡಗಡೆಯದನ್ನು ಬಿಟ್ಟರು. ಸರಿ, ಈಗ ಚರ್ಚಿನ ಮೆಟ್ಟಿಲ ಮೇಲೆ ನಿಂತು ಚೌಕದ ಕಡೆ ನೋಡುತ್ತಿದ್ದೀರಿ. ಈಗೇನು ಕಾಣುತ್ತದೆ? ಮೊದಲು ಬಿಟ್ಟಿದ್ದ ಕಟ್ಟಡಗಳೆಲ್ಲ ಈಗ ಬಾಯಿಗೆ ಬಂದವು, ಯಾಕೆಂದರೆ ಈಗ ಅವು ಬಲಗಡೆ ಇವೆ. ಮೊದಲು ಹೇಳಿದ್ದವು ಮಾಯ! ನೆನಪು ಪೂರ್ತಿ ಇತ್ತು. ಕಲ್ಪನೆಯ ಕಣ್ಣೂ ಎಡಗಡೆಗೆ ತಿರುಗುತ್ತಿರಲಿಲ್ಲ, ಅಷ್ಟೇ.

ಇದು ಗೊತ್ತಿರುವ ಥೆರಪಿಸ್ಟ್ ರೋಗಿಯನ್ನು "ಸರಿಯಾಗಿ ನೋಡಿ ಅಮ್ಮಾ" ಎಂದು ಗದರುವುದಿಲ್ಲ. ಒಲೆಯ ಕಟ್ಟೆಯ ಎಡ ಅಂಚಿಗೆ ಕೆಂಪು ಟೇಪ್ ಅಂಟಿಸುತ್ತಾರೆ. ಕೆಂಪು ಕಾಣುವ ತನಕ ತಲೆ ತಿರುಗಿಸಬೇಕು, ಆಮೇಲೇ ಕೆಲಸ ಶುರು ಎಂದು ರೂಢಿ ಮಾಡಿಸುತ್ತಾರೆ. ಪುಸ್ತಕ ಓದುವಾಗಲೂ ಪುಟದ ಎಡಕ್ಕೆ ಅದೇ ಗುರುತು. ಮಗಳಿಗೆ "ನೀವು ಅಮ್ಮನ ಎಡಗಡೆ ಕೂತು ಮಾತಾಡಿ" ಎಂದು ಹೇಳಿಕೊಡುತ್ತಾರೆ. ತಟ್ಟೆ ಖಾಲಿ ಅನ್ನಿಸಿದರೆ ಅದನ್ನು ಒಂದು ಸಲ ತಿರುಗಿಸಿ ನೋಡುವುದನ್ನು ಕಲಿಸುತ್ತಾರೆ. ಜೊತೆಗೆ ಗ್ಯಾಸ್ ಹಚ್ಚುವಾಗ ಮನೆಯಲ್ಲಿ ಇನ್ನೊಬ್ಬರು ಇರಲೇಬೇಕು ಎಂದು ಕೇಸ್ ಶೀಟಿನಲ್ಲಿ ಬರೆದಿಡುತ್ತಾರೆ. ಮುಂದಿನ ಅವಘಡ ತಪ್ಪಿಸುವುದು ಈ ಒಂದು ಸಾಲು.

ಕೈಯ ಕಥೆ ಇನ್ನೊಂದು ರೀತಿ. ಸ್ಟ್ರೋಕ್ ಆದ ಹೊಸದರಲ್ಲಿ ಸೋತ ಕೈ ಏನು ಮಾಡಿದರೂ ಸರಿಯಾಗುವುದಿಲ್ಲ, ಲೋಟ ಬೀಳುತ್ತದೆ, ಗುಂಡಿ ಹಾಕಲಾಗುವುದಿಲ್ಲ. ರೋಗಿ ಬೇಸತ್ತು ಒಳ್ಳೆಯ ಕೈಯಲ್ಲೇ ಎಲ್ಲ ಮಾಡಿಕೊಳ್ಳುತ್ತಾರೆ. ಕೆಲವು ತಿಂಗಳಲ್ಲಿ ಸೋತ ಕೈಗೆ ಸ್ವಲ್ಪ ಶಕ್ತಿ ಮರಳಿದರೂ ಅದನ್ನು ಬಳಸುವ ಅಭ್ಯಾಸವೇ ತಪ್ಪಿಹೋಗಿರುತ್ತದೆ. ಅಮೆರಿಕದ ವಿಜ್ಞಾನಿ ಎಡ್ವರ್ಡ್ ಟೌಬ್ ಇದನ್ನು ಮೊದಲು ಕಂಡದ್ದು ಕೋತಿಗಳಲ್ಲಿ. ಒಂದು ತೋಳಿನ ಸ್ಪರ್ಶದ ನರಗಳನ್ನು ಕತ್ತರಿಸಿದಾಗ ಕೋತಿ ಆ ತೋಳನ್ನು ಬಳಸುವುದನ್ನು ಬಿಟ್ಟಿತು, ಚಲನೆಯ ನರಗಳು ಹಾಗೇ ಇದ್ದರೂ! ಒಳ್ಳೆಯ ತೋಳನ್ನು ಕಟ್ಟಿಹಾಕಿದಾಗ ಮತ್ತೆ ಬಳಸತೊಡಗಿತು.

ಮನುಷ್ಯರಲ್ಲೂ ಇದನ್ನೇ ಮಾಡಿ ನೋಡಿದರು. ಅಮೆರಿಕದಲ್ಲಿ ನಡೆದ ಎಕ್ಸೈಟ್ ಎಂಬ ದೊಡ್ಡ ಅಧ್ಯಯನದ ಫಲಿತಾಂಶ 2006ರಲ್ಲಿ ಬಂತು. ಸ್ಟ್ರೋಕ್ ಆಗಿ 3ರಿಂದ 9 ತಿಂಗಳಾದ 222 ಜನ ಅದರಲ್ಲಿದ್ದರು. ಚಿಕಿತ್ಸೆ ಪಡೆದವರು ಎರಡು ವಾರ ಎಚ್ಚರವಿರುವ ಹೊತ್ತಿನ ಬಹುಪಾಲು ಒಳ್ಳೆಯ ಕೈಗೆ ದಪ್ಪ ಕೈಗವುಸು ಹಾಕಿಕೊಂಡು, ಸೋತ ಕೈಯಲ್ಲೇ ಕೆಲಸ ಮಾಡಬೇಕಿತ್ತು. ಅವರ ಕೈ ಬಳಕೆ ಉಳಿದವರಿಗಿಂತ ಚೆನ್ನಾಗಿ ಸುಧಾರಿಸಿತು, ಒಂದು ವರ್ಷದ ನಂತರವೂ ಆ ಲಾಭ ಉಳಿದಿತ್ತು. ಆದರೆ ಇದು ಎಲ್ಲರಿಗೂ ಅಲ್ಲ. ಮಣಿಕಟ್ಟು, ಬೆರಳು ಸ್ವಲ್ಪವಾದರೂ ಮೇಲಕ್ಕೆ ಏಳುವಂತಿದ್ದವರಿಗೆ ಮಾತ್ರ. ಸಮತೋಲ ಸರಿಯಿಲ್ಲದವರಿಗೆ ಒಳ್ಳೆಯ ಕೈ ಕಟ್ಟಿದರೆ ಬಿದ್ದಾರು. ಯಾರಿಗೆ ಕೊಡಬಹುದು, ಯಾರಿಗೆ ಕೂಡದು ಎಂದು ತೀರ್ಮಾನಿಸುವಲ್ಲೇ ತಜ್ಞರ ಅನುಭವ ಬೇಕಾಗುವುದು.

ಬಲಗೈಯೇ ಸೋತವರ ಸಂಕಟ ನಮ್ಮಲ್ಲಿ ಇನ್ನೂ ಹೆಚ್ಚು. ಅನ್ನ ಸಾರು ಕಲಸಿ, ತುತ್ತು ಮಾಡಿ, ಹೆಬ್ಬೆರಳಿನಿಂದ ಬಾಯಿಗೆ ತಳ್ಳುವುದು ಬಹಳ ನಾಜೂಕಿನ ಕೆಲಸ. ಐದೂ ಬೆರಳು ಬೇರೆ ಬೇರೆಯಾಗಿ ದುಡಿಯಬೇಕು. ಎಡಗೈಯಲ್ಲಿ ಊಟ ಮಾಡಲು ಮನಸ್ಸು ಒಪ್ಪದೆ, ಮದುವೆ ಮನೆಗಳಿಗೆ ಹೋಗುವುದನ್ನೇ ಬಿಡುವವರಿದ್ದಾರೆ. ಒಳ್ಳೆಯ ಥೆರಪಿಸ್ಟ್ ಇಲ್ಲಿ ತನ್ನ ಇಷ್ಟ ಹೇರುವುದಿಲ್ಲ. "ನಿಮಗೆ ಯಾವುದು ಮುಖ್ಯ?" ಎಂದು ಮೊದಲು ಕೇಳುತ್ತಾರೆ. ಒಬ್ಬರಿಗೆ ಬಲಗೈಯಲ್ಲಿ ದಪ್ಪ ಹಿಡಿಯ ಚಮಚ ಸಾಕು. ಇನ್ನೊಬ್ಬರಿಗೆ ಪಂಕ್ತಿಯಲ್ಲಿ ಕೂತು ಬಲಗೈಯಲ್ಲೇ ಉಣ್ಣಬೇಕು. ಆಗ ಆರು ವಾರದ ಅಭ್ಯಾಸವೆಲ್ಲ ಆ ತುತ್ತಿನ ಸುತ್ತವೇ ನಡೆಯುತ್ತದೆ. ರಬ್ಬರ್ ಚೆಂಡು ಹಿಚುಕುವುದಕ್ಕಿಂತ ಬೇಕಾದ ಕೆಲಸವನ್ನೇ ಮತ್ತೆ ಮತ್ತೆ ಮಾಡುವುದರಿಂದ ಆ ಕೆಲಸ ಕೈಗೆ ಬರುತ್ತದೆ.

ಆಸ್ಪತ್ರೆಯಿಂದ ಹೊರಗೂ ಇವರ ಕೆಲಸ ಇದೆ. ಮನೆಗೆ ಹೋಗಿ ಮಂಚದ ಎತ್ತರ ಅಳೆಯುತ್ತಾರೆ, ಹೊಸ್ತಿಲು ಎಷ್ಟು ಏರಿದೆ ನೋಡುತ್ತಾರೆ, ಬಚ್ಚಲಿನ ನೆಲ ಜಾರುತ್ತಾ ಎಂದು ಪರೀಕ್ಷಿಸುತ್ತಾರೆ. ಇಂಡಿಯನ್ ಟಾಯ್ಲೆಟ್ ಆದರೆ ಕೂತು ಏಳುವುದು ಹೇಗೆ? ಗೋಡೆಗೆ ಹಿಡಿಕೆ ಯಾವ ಕಡೆ, ಎಷ್ಟು ಎತ್ತರದಲ್ಲಿ? ಬಲ ಇರುವ ಕೈ ಯಾವುದು ಎಂದು ನೋಡದೆ ಹಾಕಿದ ಹಿಡಿಕೆ ದಂಡ. ಇದರಲ್ಲೇನು ದೊಡ್ಡ ವಿಜ್ಞಾನ ಇದೆ ಎಂದು ತಳ್ಳಿಹಾಕಬೇಡಿ. ಕಾಕ್ರೇನ್ ಎಂಬ ಸಂಸ್ಥೆಯ 2023ರ ವಿಮರ್ಶೆ ಈ ಬಗೆಯ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ನೋಡಿತು. ಮನೆಯಲ್ಲಿ ಬೀಳಿಸುವಂಥ ಅಡೆತಡೆಗಳನ್ನು ಸರಿಮಾಡಿದಾಗ ವಯಸ್ಸಾದವರು ಬೀಳುವುದು ಶೇ. 26ರಷ್ಟು ಕಡಿಮೆಯಾಯಿತು. ಈಗಾಗಲೇ ಬಿದ್ದು ಎದ್ದವರಂಥ ಹೆಚ್ಚು ಅಪಾಯದವರಲ್ಲಿ ಶೇ. 38. ಹಿಂದಿನ ಒಂದು ಕಾಕ್ರೇನ್ ವಿಮರ್ಶೆಯಲ್ಲಿ, ಈ ಕೆಲಸವನ್ನು ಆಕ್ಯುಪೇಷನಲ್ ಥೆರಪಿಸ್ಟ್ ಮಾಡಿದಾಗ ಫಲ ಜಾಸ್ತಿ ಎಂದೂ ಕಂಡಿತ್ತು. ಒಂದು ಸಲ ಬಿದ್ದು ಸೊಂಟದ ಮೂಳೆ ಮುರಿದರೆ ಎಷ್ಟು ಖರ್ಚು, ಎಷ್ಟು ನರಳಾಟ ಎಂದು ಅನುಭವಿಸಿದ ಮನೆಗಳಿಗೆ ಈ ಅಂಕಿಯ ಬೆಲೆ ಗೊತ್ತು.

ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಈ ತಜ್ಞರಿಗೆ ಖಾಯಂ ಜಾಗ ಇದೆ. ಅಲ್ಲಿನ ಸಂಬಳದ ಶ್ರೇಣಿಯಲ್ಲಿ ಹೊಸದಾಗಿ ಬಂದವರು ಬ್ಯಾಂಡ್ 5, ತಜ್ಞರಾದವರು ಸಾಮಾನ್ಯವಾಗಿ ಬ್ಯಾಂಡ್ 6, ಇನ್ನೂ ಮೇಲಿನವರು ಬ್ಯಾಂಡ್ 7. ನೋಂದಣಿ ಇಲ್ಲದೆ ಆಕ್ಯುಪೇಷನಲ್ ಥೆರಪಿಸ್ಟ್ ಎಂದು ಬೋರ್ಡ್ ಹಾಕಿಕೊಂಡರೆ ಅಲ್ಲಿ ಕಾನೂನಿಗೆ ವಿರುದ್ಧ. ಸ್ಟ್ರೋಕ್ ತಜ್ಞರು ರೋಗಿಗಳನ್ನು ನೋಡುವುದರ ಜೊತೆಗೆ ಕಿರಿಯರಿಗೆ ಕಲಿಸಬೇಕು, ಯಾರನ್ನು ಯಾವಾಗ ಮನೆಗೆ ಕಳಿಸಬಹುದು ಎಂಬ ಚರ್ಚೆಯಲ್ಲಿ ವೈದ್ಯರ ಜೊತೆ ಕೂರಬೇಕು. ಸ್ಟ್ರೋಕ್ ಆದ ಮೇಲೆ ಕಾಡುವ ವಿಪರೀತ ಸುಸ್ತನ್ನು ನಿಭಾಯಿಸಿ ಕೆಲಸಕ್ಕೆ ಮರಳುವುದು ಹೇಗೆ ಎಂದು ರೋಗಿಯ ಜೊತೆ ಯೋಜನೆ ಮಾಡಬೇಕು. ಅಲ್ಲಿನ ನೈಸ್ ಸಂಸ್ಥೆಯ 2013ರ ಮಾರ್ಗಸೂಚಿ ಒಂದೊಂದು ಥೆರಪಿಯೂ ದಿನಕ್ಕೆ ಕನಿಷ್ಠ 45 ನಿಮಿಷ ಸಿಗಬೇಕು ಎಂದಿತ್ತು. 2023ರಲ್ಲಿ ಅದನ್ನು ಬದಲಿಸಿ, ಅಗತ್ಯ ಇರುವವರಿಗೆ ಎಲ್ಲ ಥೆರಪಿ ಸೇರಿ ದಿನಕ್ಕೆ ಕನಿಷ್ಠ 3 ಗಂಟೆ, ವಾರಕ್ಕೆ ಕನಿಷ್ಠ 5 ದಿನ ಎಂದು ಮಾಡಿದರು. ಅಷ್ಟು ಸಮಯ ಕೊಡಲು ಸಾಕಷ್ಟು ಥೆರಪಿಸ್ಟ್‌ಗಳು ಇರಬೇಕಲ್ಲ, ಅದು ಅಲ್ಲೂ ಸುಲಭದ ಮಾತಲ್ಲ.

ಭಾರತಕ್ಕೆ ಈ ವಿದ್ಯೆ ಹೊಸದೇನಲ್ಲ. ಅಮೆರಿಕದಲ್ಲಿ ಹುಟ್ಟಿ ಇಲ್ಲಿನ ಸೊಸೆಯಾಗಿ ಬಂದ ಕಮಲಾ ನಿಂಬ್ಕರ್ 1950ರಲ್ಲೇ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಇದಕ್ಕೊಂದು ಶಾಲೆ ತೆರೆದರು. ಏಷ್ಯಾದಲ್ಲಿ ಅದೇ ಮೊದಲನೆಯದು. 1952ರಲ್ಲಿ ಈ ವೃತ್ತಿಯ ವಿಶ್ವ ಒಕ್ಕೂಟ ಶುರುವಾದಾಗ ಭಾರತ ಸ್ಥಾಪಕ ದೇಶಗಳಲ್ಲಿ ಒಂದು. ಇಷ್ಟು ಬೇಗ ಶುರು ಮಾಡಿದವರು ನಾವು, ಆದರೂ ಜಿಲ್ಲಾ ಆಸ್ಪತ್ರೆಗಳಲ್ಲಿ ಈ ಥೆರಪಿಸ್ಟ್ ಸಿಗುವುದು ಇವತ್ತಿಗೂ ಅಪರೂಪ. ಇದು ನನಗೆ ನಿಜಕ್ಕೂ ಬೇಸರದ ವಿಷಯ. ಪ್ರಾಣ ಉಳಿಸಲು ಅಷ್ಟೆಲ್ಲ ಖರ್ಚು ಮಾಡಿ, ಉಳಿದ ಪ್ರಾಣ ಹೇಗೆ ಬದುಕಬೇಕು ಎಂದು ಹೇಳಿಕೊಡುವವರನ್ನು ನೇಮಿಸದಿದ್ದರೆ ಹೇಗೆ? 2021ರಲ್ಲಿ ಬಂದ ಅಲೈಡ್ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯಲ್ಲಿ ಈ ವೃತ್ತಿಯೂ ಸೇರಿದೆ. ಇನ್ನು ಬೇಕಿರುವುದು ಆಸ್ಪತ್ರೆಗಳಲ್ಲಿ ಹುದ್ದೆ.

ಕರ್ನಾಟಕದಲ್ಲಿ ಮಣಿಪಾಲದಲ್ಲಿ ಇದನ್ನು ಕಲಿಸುವ ವಿಭಾಗವೇ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗಗಳಲ್ಲೂ ಈ ಥೆರಪಿ ಸಿಗುತ್ತದೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಸ್ಟ್ರೋಕ್ ಆಗಿದ್ದರೆ, ಡಿಸ್ಚಾರ್ಜ್‌ಗೆ ಮುಂಚೆ "ಆಕ್ಯುಪೇಷನಲ್ ಥೆರಪಿಸ್ಟ್ ಒಮ್ಮೆ ನೋಡಬಹುದಾ?" ಎಂದು ಬಾಯಿ ಬಿಟ್ಟು ಕೇಳಿ. ಹೋಗುವಾಗ ಮನೆಯ ಬಚ್ಚಲು, ಅಡುಗೆಮನೆ, ಮೆಟ್ಟಿಲುಗಳ ಫೋಟೋ ಮೊಬೈಲಿನಲ್ಲಿ ಇರಲಿ. ಮಂಚ ಮತ್ತು ಕಮೋಡ್ ಎತ್ತರವನ್ನು ಟೇಪಿನಲ್ಲಿ ಅಳೆದು ಬರೆದುಕೊಳ್ಳಿ. ಸ್ಟ್ರೋಕ್ ಆಗುವ ಹಿಂದಿನ ದಿನ ಅವರು ಬೆಳಗಿನಿಂದ ರಾತ್ರಿವರೆಗೆ ಏನೇನು ಮಾಡುತ್ತಿದ್ದರು ಎನ್ನುವುದನ್ನೂ ಒಂದು ಹಾಳೆಯಲ್ಲಿ ಬರೆಯಿರಿ: ಹೂ ಕೀಳುತ್ತಿದ್ದರು, ಅಂಗಡಿಯ ಲೆಕ್ಕ ನೋಡುತ್ತಿದ್ದರು, ಹಸು ಕರೆಯುತ್ತಿದ್ದರು, ಏನೇ ಇರಲಿ. ಅದರಲ್ಲಿ ಅವರಿಗೆ ಮೊದಲು ಯಾವುದು ವಾಪಸ್ ಬೇಕು ಎಂದು ಅವರನ್ನೇ ಕೇಳಿ ಗುರುತು ಹಾಕಿ. ಥೆರಪಿಸ್ಟ್ ಅಲ್ಲಿಂದಲೇ ಶುರು ಮಾಡುತ್ತಾರೆ.